ಮೈಲಿಗೆ ಮಾಡಿದವರು ಯಾರು, ಬಳಿಯುವವರು ಯಾರು?

ಈಚೆಗೆ ಜಮಖಂಡಿಯಲ್ಲಿ ನಮ್ಮ ಗೆಳೆಯರ ಒಂದು ಸಣ್ಣ ಸಭೆ ನಡೆಯಿತು. ಮುಧೋಳದ ಇಬ್ಬರು ಕಾಲೇಜು ಹುಡುಗರು, ಬೀಳಗಿ ಕಡೆಯ ಒಬ್ಬ ಮಾಸ್ತರರು, ರಬಕವಿ-ಬನಹಟ್ಟಿಯ ನಾಲ್ಕು ಮಂದಿ ನೇಕಾರರು, ಉಳಿದವರು ಕಬ್ಬಿನ ಹೊಲದಲ್ಲಿ ದುಡಿಯುವವರು. 2025ರ ಮೇ 25ರಂದು ಕೇರಳದ ಕಡಲಲ್ಲಿ ಮುಳುಗಿದ ಎಂ.ಎಸ್.ಸಿ. ಎಲ್ಸಾ-3 ಎಂಬ ಹಡಗಿನ ವಿಷಯವನ್ನು ನಾನು ಎತ್ತಿದೆ. ಆ ಹಡಗಿನ ಮೇಲೆ 640 ಕಂಟೇನರು, ಹೊಟ್ಟೆಯೊಳಗೆ 84 ಟನ್ನಿಗೂ ಹೆಚ್ಚು ಡೀಸೆಲ್, 367 ಟನ್ ಫರ್ನೇಸ್ ಎಣ್ಣೆ. ಎರಡು ಮಾತು ಆಡುವಷ್ಟರಲ್ಲಿ ಬನಹಟ್ಟಿಯ ಗೆಳೆಯನೊಬ್ಬ ತಡೆದ:

“ಸರ, ಆ ಸಮುದ್ರಕ್ಕೂ ನಮಗೂ ಏನ್ ಸಂಬಂಧ ಐತ್ರಿ? ಇಲ್ಲಿ ನಮ್ಮ ಹೊಟ್ಟಿ ತುಂಬವಲ್ದು. ನೀವು ಮೀನಾ, ಹಕ್ಕಿ ಅಂತ ಹೇಳಾಕತ್ತೀರಿ.”

ಯಾರೂ ನಗಲಿಲ್ಲ. ಅದು ಅಲ್ಲಿದ್ದ ಎಲ್ಲರ ಮನಸ್ಸಿನೊಳಗಿನ ಪ್ರಶ್ನೆ. ನಮ್ಮ ಚಳವಳಿಯ ಒಳಗೂ ಈ ಪ್ರಶ್ನೆ ಬಹಳ ಕಾಲದಿಂದ ಇದೆ. ಕಾಡು, ಕಡಲು, ಹಕ್ಕಿ, ಮೀನು ಎಂಬುದೆಲ್ಲ ಹೊಟ್ಟೆ ತುಂಬಿದವರ ಮಾತು. ನಮಗೆ ಬೇಕಾದದ್ದು ಕೂಲಿ, ಭೂಮಿ, ಮಾನ ಎಂದು ನಾವು ಹೇಳುತ್ತ ಬಂದಿದ್ದೇವೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧದಲ್ಲಿ ನಾವು ಮೋಸ ಹೋಗಿದ್ದೇವೆ. ಆ ಮೋಸವನ್ನು ಬಿಡಿಸಿ ಹೇಳಲು ಈ ಲೇಖನ. ಗೆಳೆಯನ ಪ್ರಶ್ನೆಗೆ ಆ ದಿನ ನಾನು ಸರಿಯಾದ ಉತ್ತರ ಕೊಡಲಿಲ್ಲ. ಇಲ್ಲಿ ಕೊಡುತ್ತಿದ್ದೇನೆ.

ಮೊದಲು ನನ್ನದೇ ಊರಿನ ಒಂದು ಘಟನೆ. ಕೆಲವು ವರ್ಷಗಳ ಹಿಂದೆ ಒಂದು ಬೇಸಿಗೆಯಲ್ಲಿ ನಮ್ಮೂರ ಹತ್ತಿರದ ಹೊಳೆಯ ಮಡುವಿನಲ್ಲಿ ನೀರು ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಎರಡನೆಯ ದಿನ ಮೀನು ಹೊಟ್ಟೆ ಮೇಲಾಗಿ ತೇಲಿದವು. ಮೂರನೆಯ ದಿನ ಊರ ತುಂಬ ನಾತ. ಮೇಲಿನಿಂದ ಯಾವುದೋ ಕಾರ್ಖಾನೆಯ ಕೊಳೆನೀರು ಬಿಟ್ಟಿದ್ದಾರೆಂದು ಎಲ್ಲರಿಗೂ ಗೊತ್ತು. ಸಾಹೇಬರು ಬಂದರು, ಬಾಟಲಿಯಲ್ಲಿ ನೀರು ತುಂಬಿಕೊಂಡರು, ಹೋದರು. ಆ ಬಾಟಲಿಯ ವರದಿಯನ್ನು ಊರಿನಲ್ಲಿ ಇವತ್ತಿನವರೆಗೆ ಯಾರೂ ಕಂಡಿಲ್ಲ. ಕಾರ್ಖಾನೆಯ ಹೆಸರು ಇಲ್ಲಿ ಬರೆಯುವುದಿಲ್ಲ. ಒಂದು ಹೆಸರು ಬರೆದರೆ ಉಳಿದವರೆಲ್ಲ ನಾವು ಸಾಚಾ ಎಂದು ಕೂತುಬಿಡುತ್ತಾರೆ.

ನಾನು ಹೇಳಬೇಕಾದದ್ದು ನಾಲ್ಕನೆಯ ದಿನದ ಸಂಗತಿ. ಬೆಳಿಗ್ಗೆ ಒಬ್ಬ ಮನುಷ್ಯ ನಮ್ಮ ಓಣಿಗೆ ಬಂದ. ಊರೊಳಗೆ ಇಷ್ಟೊಂದು ಓಣಿ ಇದ್ದಾವೆ, ಬಂದದ್ದು ನಮ್ಮ ಓಣಿಗೆ. “ಮೀನ ಸತ್ತಾವ, ನಾತ ಹೊಡ್ಯಾಕತ್ತೈತಿ. ನಾಕ್ ಮಂದಿ ಬುಟ್ಟಿ ತಗೊಂಡ್ ಬರ್ರಿ. ಪಗಾರ ಕೊಡ್ತಾರ” ಅಂದ. ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಅಜ್ಜಿ ಎದ್ದು ನಿಂತಳು.

“ಸಾಯಿಸಿದಾಂವ ಯಾವನೋ, ಅವನೇ ಬಂದು ಹೊತ್ತ ಹಾಕ್ಲಿ. ನಮ್ಮಪ್ಪ ಸತ್ತ ದನಾ ಎಳ್ಯೂದು ಬಿಟ್ಟು ಎಷ್ಟ್ ವರ್ಷ ಆತು! ಈಗ ನಾ ಮೀನಾ ಹೊರ್ಲೇನು?”

ಬಂದವನು ತಲೆ ಕೆಳಗೆ ಹಾಕಿ ಹೋದ. ಆದರೂ ಸಂಜೆಯೊಳಗೆ ಮೀನು ಎತ್ತುವ ಕೆಲಸ ಮುಗಿದಿತ್ತು. ಪಕ್ಕದ ಊರಿನ ಕೇರಿಯಿಂದ ಮೂವರು ಬಂದಿದ್ದರು. ಬರಿಗೈ, ಬರಿಗಾಲು. ಅವರಿಗೆ ಆ ದಿನದ ಕೂಲಿ ಬೇಕಾಗಿತ್ತು.

ಕಡಲಿಗೂ ನಮಗೂ ಇರುವ ಸಂಬಂಧ ಇಲ್ಲಿಂದ ಶುರುವಾಗುತ್ತದೆ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದರು. ಸಾವಿರಾರು ಮಂದಿ ಅವರ ಹಿಂದೆ ಕುಡಿದರು. ದನ ಕುಡಿಯುತ್ತಿದ್ದ ಕೆರೆ, ನಾಯಿ ಕುಡಿಯುತ್ತಿದ್ದ ಕೆರೆ, ಮನುಷ್ಯ ಕುಡಿದ ಕೂಡಲೇ ಮೈಲಿಗೆಯಾಯಿತು. ಸವರ್ಣರು 108 ಕೊಡ ಹಾಲು, ಮೊಸರು, ಸೆಗಣಿ, ಗಂಜಲ ಸುರಿದು ಅದನ್ನು ‘ಶುದ್ಧ’ ಮಾಡಿಕೊಂಡರು. ನಮ್ಮ ಕೈ ಮುಟ್ಟಿದರೆ ನೀರು ಕೆಡುತ್ತದೆ ಎಂದು ಸಾವಿರ ವರ್ಷ ಕೂಗಿದ ಈ ಸಮಾಜ, ಇವತ್ತು ನೂರಾರು ಟನ್ ಎಣ್ಣೆ ಕಡಲಿಗೆ ಬಿದ್ದರೆ ಏನನ್ನುತ್ತದೆ? ‘ಅಪಘಾತ’ ಅನ್ನುತ್ತದೆ. ‘ಹವಾಮಾನದ ವೈಪರೀತ್ಯ’ ಅನ್ನುತ್ತದೆ. ‘ಪರಿಸ್ಥಿತಿ ನಿಯಂತ್ರಣದಲ್ಲಿದೆ’ ಅನ್ನುತ್ತದೆ. ಮೈಲಿಗೆ ಎಂಬ ಶಬ್ದ ಕಂಪನಿಗೆ ಅನ್ವಯಿಸುವುದಿಲ್ಲ. ಮನುಷ್ಯನ ಮುಟ್ಟುವಿಕೆಯಿಂದ ಯಾವ ಕೆರೆಯಲ್ಲೂ ಒಂದು ಮೀನು ಸತ್ತ ದಾಖಲೆ ಇಲ್ಲ. ಎಣ್ಣೆಯಿಂದ ಸತ್ತ ಜೀವಗಳ ಲೆಕ್ಕ ಮಾತ್ರ ಬರೆದಷ್ಟೂ ಮುಗಿಯುವುದಿಲ್ಲ.

ಎಣ್ಣೆ ಏನು ಮಾಡುತ್ತದೆ ಎಂಬುದನ್ನು ನೇಕಾರ ಗೆಳೆಯರಿಗೆ ಅರ್ಥವಾಗುವಂತೆ ಹೇಳಬಹುದು. ಹಕ್ಕಿಯ ಗರಿ ಎಂದರೆ ಹಾಸು-ಹೊಕ್ಕು ಬಿಗಿಯಾಗಿ ಕೂತ ನೇಯ್ಗೆ. ಒಂದು ಎಳೆ ಇನ್ನೊಂದಕ್ಕೆ ಕೊಂಡಿ ಹಾಕಿಕೊಂಡು ಕೂತಿರುವುದರಿಂದ ನೀರು ಒಳಗೆ ಇಳಿಯುವುದಿಲ್ಲ, ಮೈಯ ಬಿಸಿ ಹೊರಗೆ ಹೋಗುವುದಿಲ್ಲ. ಎಣ್ಣೆ ಹತ್ತಿದ ಕೂಡಲೇ ಆ ನೇಯ್ಗೆ ಮುದ್ದೆಯಾಗುತ್ತದೆ. ತಣ್ಣೀರು ಚರ್ಮಕ್ಕೆ ತಾಗುತ್ತದೆ. ಹಕ್ಕಿ ಚಳಿಯಿಂದ ನಡುಗುತ್ತದೆ, ಹಾರಲಾರದು, ತೇಲಲಾರದು. ಎಣ್ಣೆ ತೆಗೆಯಲು ಕೊಕ್ಕಿನಿಂದ ಗರಿ ತಿದ್ದಿಕೊಳ್ಳುತ್ತದೆ; ಹಾಗೆ ಮಾಡುವಾಗ ವಿಷವನ್ನು ತಾನೇ ನುಂಗುತ್ತದೆ. ಕರುಳು, ಯಕೃತ್ತು, ಮೂತ್ರಪಿಂಡ ಕೆಡುತ್ತವೆ. ಅದು ಸಾಯುವುದು ತನ್ನ ಮೈ ಸ್ವಚ್ಛ ಮಾಡಿಕೊಳ್ಳುವ ಕೆಲಸದಲ್ಲಿ.

ಕಡಲಾಮೆ ಉಸಿರಾಡಲು ಮೇಲೆ ಬರಲೇಬೇಕು. ಮೇಲೆ ಎಣ್ಣೆಯ ಪದರ. ಅದರ ಹಬೆ ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಗಟ್ಟಿಯಾದ ಡಾಂಬರಿನ ಉಂಡೆಗಳನ್ನು ಆಹಾರವೆಂದು ನುಂಗುತ್ತದೆ. ಮೀನಿನ ಮೊಟ್ಟೆ, ಮರಿಗಳಿಗೆ ಎಣ್ಣೆಯ ವಿಷ ತಾಗಿದರೆ ಅವುಗಳ ಹೃದಯವೇ ನೆಟ್ಟಗೆ ಬೆಳೆಯುವುದಿಲ್ಲ. ದೊಡ್ಡ ಮೀನು ಈಜಿ ತಪ್ಪಿಸಿಕೊಳ್ಳಬಹುದು. ಮೊಟ್ಟೆ ಎಲ್ಲಿಗೆ ಹೋದೀತು? ನದಿ ಕಡಲಿಗೆ ಸೇರುವಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು ಕೆಸರಿನಿಂದ ಮೇಲೆ ಎದ್ದ ಬೇರುಗಳಿಂದ ಉಸಿರಾಡುತ್ತವೆ. ಆ ಬೇರಿಗೆ ಎಣ್ಣೆ ಬಳಿದರೆ ಗಿಡದ ಉಸಿರು ಕಟ್ಟುತ್ತದೆ. ಮೀನು ಮರಿ ಮಾಡುವ ತೊಟ್ಟಿಲು ಆ ಕಾಂಡ್ಲಾ ಕಾಡು. ಚಿಪ್ಪಿನ ಜೀವಿಗಳು ನೀರನ್ನು ಸೋಸಿ ತಿನ್ನುತ್ತವೆ. ವಿಷ ಅವುಗಳ ಮೈಯಲ್ಲೇ ಉಳಿಯುತ್ತದೆ. ಅದನ್ನು ತಿಂದವರ ಮೈಗೂ ಬರುತ್ತದೆ.

ಇದು ಒಂದು ತಿಂಗಳಿನ ಕತೆಯಲ್ಲ. 1989ರ ಮಾರ್ಚ್ 24ರಂದು ಅಮೆರಿಕದ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೆಜ್ ಹಡಗು ಬಂಡೆಗೆ ಬಡಿಯಿತು. ಸುಮಾರು 2,50,000 ಕಡಲಹಕ್ಕಿಗಳು, 2,800 ಕಡಲ ನೀರುನಾಯಿಗಳು ಸತ್ತವೆಂದು ಅಂದಾಜು. ದಶಕಗಳ ನಂತರವೂ ಅಲ್ಲಿನ ದಂಡೆಯ ಕಲ್ಲುಗಳ ಕೆಳಗೆ ಅಗೆದರೆ ಎಣ್ಣೆ ಸಿಗುತ್ತಿತ್ತು. ‘ಶುದ್ಧ’ ಮಾಡುವವರು ಮಾಡಿದ ಅನಾಹುತವೂ ಸಣ್ಣದಲ್ಲ. 1967ರಲ್ಲಿ ಇಂಗ್ಲೆಂಡಿನ ದಂಡೆಯ ಹತ್ತಿರ ಟೊರಿ ಕ್ಯಾನ್ಯನ್ ಒಡೆದಾಗ ಎಣ್ಣೆ ಕರಗಿಸಲೆಂದು ಸಾವಿರಾರು ಟನ್ ಮಾರ್ಜಕ ಸುರಿದರು. ದಂಡೆಯ ಜೀವಿಗಳಿಗೆ ಎಣ್ಣೆಗಿಂತ ಆ ಮಾರ್ಜಕವೇ ಹೆಚ್ಚು ಘಾತಕವಾಯಿತು. ಮಹಾಡದ 108 ಕೊಡಗಳ ನೆನಪಾಗುವುದಿಲ್ಲವೇ? ಶುದ್ಧಿಯ ಹೆಸರಿನಲ್ಲಿ ಹೊಲಸು ಸುರಿಯುವ ಚಾಳಿ ಒಂದು ದೇಶದ್ದಲ್ಲ.

“ಇವೆಲ್ಲ ದೂರದ ದೇಶದ್ದಾತಲ್ರಿ” ಎಂದು ಯಾರಾದರೂ ಅಂದಾರು. ಹಾಗಾದರೆ ಕಾರವಾರಕ್ಕೆ ಬರೋಣ. ನಮ್ಮ ರಾಜ್ಯದ್ದೇ ಊರು. 2006ರ ಮೇ 30ರಂದು ಓಶನ್ ಸೆರಾಯಾ ಎಂಬ ಪನಾಮಾ ಬಾವುಟದ ಹಡಗು ಕಾರವಾರದ ಎದುರು ಆಯ್‌ಸ್ಟರ್ ರಾಕ್ ಬಂಡೆಗೆ ಬಡಿದು ಒಡೆಯಿತು. ಅದರಲ್ಲಿ ಸುಮಾರು 650 ಟನ್ ಇಂಧನ ಎಣ್ಣೆ ಇತ್ತು. ಮಳೆಗಾಲದ ಕಡಲು. ಎಣ್ಣೆ ಕಾರವಾರದ ದಂಡೆಗೂ ದಕ್ಷಿಣ ಗೋವೆಯ ದಂಡೆಗೂ ಬಂದು ಬಿತ್ತು. ಆ ದಂಡೆಗಳಲ್ಲಿ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡುತ್ತವೆ. ಕಾಳಿ ನದಿಯ ಬಾಯಲ್ಲಿ ಕಾಂಡ್ಲಾ ಕಾಡಿದೆ. 2022ರ ಜೂನಿನಲ್ಲಿ ಉಳ್ಳಾಲದ ಹತ್ತಿರ ಪ್ರಿನ್ಸೆಸ್ ಮಿರಾಲ್ ಎಂಬ ಹಡಗು ಉಕ್ಕು ಹೊತ್ತು ಬಂದು ಕೆಟ್ಟು ನಿಂತಿತು. ಅದರ ಎಣ್ಣೆ ಯಾವಾಗ ಸೋರೀತೋ ಎಂಬ ಭಯದಲ್ಲಿ ದಂಡೆಯ ಜನ ದಿನ ಎಣಿಸಿದರು. 2025ರ ಜೂನ್ 9ರಂದು ವಾನ್ ಹಾಯ್ 503 ಹಡಗಿಗೆ ಕೇರಳದ ಕಡಲಲ್ಲಿ ಬೆಂಕಿ ಬಿತ್ತು. ನಾಲ್ವರು ನಾವಿಕರು ಕಾಣೆಯಾದರು. ಬದುಕಿ ಉಳಿದ 18 ಮಂದಿಯನ್ನು ಮಂಗಳೂರಿಗೆ ತಂದರು.

ಇವು ಪತ್ರಿಕೆಗೆ ಬಂದ ದೊಡ್ಡ ಸುದ್ದಿಗಳು. ಸುದ್ದಿಯಾಗದ್ದು ಬೇರೆ ಇದೆ. ಪ್ರತಿ ವರ್ಷ ಮಳೆಗಾಲದ ಮುಂದೆ ನೈಋತ್ಯದ ಗಾಳಿ ಎದ್ದಾಗ ಗೋವೆಯಿಂದ ಕಾರವಾರದವರೆಗೆ ದಂಡೆಯ ಮೇಲೆ ಡಾಂಬರಿನ ಉಂಡೆಗಳು ಬಂದು ಬೀಳುತ್ತವೆ. ನಡುಗಡಲಿನಲ್ಲಿ ಹಡಗಿನ ತೊಟ್ಟಿ ತೊಳೆದು ಕೊಳೆ ಎಣ್ಣೆಯನ್ನು ಕದ್ದು ಚೆಲ್ಲಿದವರ ಗುರುತು ಅದು. ಯಾವ ಹಡಗು? ಹೆಸರಿಲ್ಲ. ಯಾವ ಕೇಸು? ಇಲ್ಲ. ರಾತ್ರೋರಾತ್ರಿ ಹೊಳೆಗೆ ಕೊಳೆನೀರಿನ ಗೇಟು ತೆಗೆಯುವ ಕೈಯನ್ನು ನಾವು ಬಲ್ಲೆವು. ಆ ಕೈಗೂ ಈ ಕೈಗೂ ಏನು ವ್ಯತ್ಯಾಸ?

ಈಗ ಲೆಕ್ಕಕ್ಕೆ ಬರೋಣ. ಎಣ್ಣೆ ಬಿದ್ದರೆ ಯಾರಿಗೆ ನಷ್ಟ? ಸರ್ಕಾರದ ಪಟ್ಟಿಯಲ್ಲಿ ಮೊದಲು ಬರುವುದು ದೋಣಿ ನೋಂದಣಿ ಇದ್ದವರು, ಬಲೆಯ ಮಾಲೀಕರು, ದಂಡೆಯ ಮೇಲೆ ಹೋಟೆಲು ಇಟ್ಟವರು. ಅವರಿಗೂ ನಷ್ಟ ಆಗುತ್ತದೆ, ಅಲ್ಲಗಳೆಯುವುದಿಲ್ಲ. ಆದರೆ ಬುಟ್ಟಿಯಲ್ಲಿ ಮೀನು ಹೊತ್ತು ಮನೆ ಮನೆಗೆ ಮಾರುವ ಹೆಂಗಸಿನ ಹತ್ತಿರ ಯಾವ ಕಾಗದವಿದೆ? ಅಘನಾಶಿನಿಯ ಅಳಿವೆಯಲ್ಲಿ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಬೆಳಚು ಆರಿಸುವ ತಾಯಂದಿರಿಗೆ ಯಾವ ನೋಂದಣಿ? ಬೇರೆಯವರ ದೋಣಿಯಲ್ಲಿ ಪಾಲಿಗೆ ದುಡಿಯುವವನು, ಮಂಜುಗಡ್ಡೆ ಹೊರುವವನು, ಮೀನು ಒಣಗಿಸುವವಳು, ಇವರ ನಷ್ಟವನ್ನು ಯಾವ ತಲಾಟಿ ಬರೆದುಕೊಳ್ಳುತ್ತಾನೆ? ಎಣ್ಣೆ ಬಿದ್ದ ಸುದ್ದಿ ಬಂದ ದಿನವೇ ಪೇಟೆಯಲ್ಲಿ ಮೀನು ಕೊಳ್ಳುವವರು ಹಿಂದೆ ಸರಿಯುತ್ತಾರೆ. ಎಣ್ಣೆ ತಾಗದ ಮೀನೂ ಮಾರಾಟವಾಗುವುದಿಲ್ಲ. ಆ ದಿನದ ಉಪವಾಸಕ್ಕೆ ರಸೀದಿ ಸಿಗುವುದಿಲ್ಲ.

ಎಲ್ಸಾ-3 ಮುಳುಗಿದ ಮೇಲೆ ಕೇರಳ ಸರ್ಕಾರ ಹೈಕೋರ್ಟಿನಲ್ಲಿ 9,531 ಕೋಟಿ ರೂಪಾಯಿ ಪರಿಹಾರ ಕೇಳಿ ದಾವೆ ಹೂಡಿತು. ಒಳ್ಳೆಯ ಕೆಲಸವೇ. ಆದರೆ ದಂಡೆಯ ಮೀನುಗಾರ ಕುಟುಂಬಕ್ಕೆ ತಾತ್ಕಾಲಿಕ ನೆರವೆಂದು ಮೊದಲು ತಲುಪಿದ್ದು 1,000 ರೂಪಾಯಿ, 6 ಕಿಲೋ ಅಕ್ಕಿ. ಈ ಎರಡು ಅಂಕಿಗಳ ನಡುವೆ ಎಷ್ಟು ದೂರವಿದೆಯೋ, ಸರ್ಕಾರಕ್ಕೂ ಬಡವನಿಗೂ ನಡುವೆ ಅಷ್ಟೇ ದೂರವಿದೆ.

ಬೀಳಗಿಯವರಿಗೆ ಈ ಮಾತನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರು ಏರಿದಾಗ ಪರಿಹಾರದ ಲೆಕ್ಕ ನಡೆದದ್ದು ಉತಾರದ ಮೇಲೆ. 1894ರ ಭೂಸ್ವಾಧೀನ ಕಾಯಿದೆಗೆ ಆಸ್ತಿ ಕಾಣುತ್ತಿತ್ತು, ದುಡಿಮೆ ಕಾಣುತ್ತಿರಲಿಲ್ಲ. ಹೊಲದ ಹೆಸರು ಇದ್ದವನಿಗೆ ಎಕರೆಯ ಲೆಕ್ಕ. ಆ ಹೊಲದಲ್ಲಿ ಮೂರು ತಲೆಮಾರು ಕಳೆ ಕಿತ್ತವನಿಗೆ ಅವನ ಮನೆಯ ಗೋಡೆಯ ಬೆಲೆ. ಕಳೆದುಹೋದ ಕೂಲಿಗೆ ಬೆಲೆಯೇ ಇಲ್ಲ. ಹೊಳೆಯಲ್ಲಿ ಬಲೆ ಬೀಸುತ್ತಿದ್ದ ಅಂಬಿಗೇರರ ಹರಿಯುವ ಹೊಳೆಗೆ ಯಾವ ಉತಾರವಿತ್ತು? ಕಾಗದ ಇಲ್ಲದವನ ನಷ್ಟ ನಷ್ಟವೇ ಅಲ್ಲ ಎಂಬ ನ್ಯಾಯ ಕಡಲ ದಂಡೆಯಲ್ಲೂ ಅದೇ, ಕೃಷ್ಣೆಯ ದಂಡೆಯಲ್ಲೂ ಅದೇ.

ಇನ್ನು ಬಳಿಯುವ ಕೈಗಳ ಮಾತು. 2017ರ ಜನವರಿ 28ರಂದು ಚೆನ್ನೈ ಹತ್ತಿರದ ಎಣ್ಣೂರಿನಲ್ಲಿ ಎರಡು ಹಡಗುಗಳು ಡಿಕ್ಕಿ ಹೊಡೆದವು. ಮೊದಲು ‘ಏನೂ ಸೋರಿಲ್ಲ’ ಎಂಬ ಮಾತು ಬಂತು. ಆಮೇಲೆ ದಂಡೆಯ ಮೇಲೆ ಕಪ್ಪು ರಾಡಿ ಗುಡ್ಡೆ ಬಿತ್ತು. ಚಂದ್ರನಿಗೆ ರಾಕೆಟ್ ಬಿಟ್ಟ ದೇಶ ಆ ರಾಡಿಯನ್ನು ಬಳಿದದ್ದು ಯಾವುದರಿಂದ? ಪ್ಲಾಸ್ಟಿಕ್ ಬಕೆಟ್ಟಿನಿಂದ. ಕೈಯಿಂದ. ಮೀನುಗಾರರು, ಕೂಲಿಯವರು, ವಿದ್ಯಾರ್ಥಿಗಳು ಸಾಲಾಗಿ ನಿಂತು ಬಕೆಟ್ ದಾಟಿಸಿದರು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ನೆರೆಯಲ್ಲಿ ಅದೇ ಎಣ್ಣೂರಿನ ಅಳಿವೆಗೆ ತೈಲ ಶುದ್ಧೀಕರಣ ಘಟಕದ ಕಡೆಯಿಂದ ಎಣ್ಣೆ ಹರಿದು ಬಂತು. ಆರು ವರ್ಷದಲ್ಲಿ ಏನು ಕಲಿತರು? ಮತ್ತೆ ಮಗ್ಗು, ಮತ್ತೆ ಬಕೆಟ್ಟು, ಮತ್ತೆ ಅದೇ ಮೀನುಗಾರರ ಕೈ.

ಆ ಎಣ್ಣೆಯ ಹಬೆಯಲ್ಲಿ ಬೆಂಜೀನ್ ಇರುತ್ತದೆ. ಅದು ರಕ್ತದ ಕ್ಯಾನ್ಸರಿಗೆ ಕಾರಣವಾಗುವ ವಸ್ತು. ಹಕ್ಕಿಯ ಯಕೃತ್ತನ್ನು ಕೆಡಿಸಿದ ವಿಷ ಮನುಷ್ಯನನ್ನು ಬಿಡುತ್ತದೆಯೇ? ಎಣ್ಣೆ ಮೆತ್ತಿದ ಹಕ್ಕಿಯ ಫೋಟೋ ಜಗತ್ತನ್ನೆಲ್ಲ ಸುತ್ತುತ್ತದೆ, ಜನ ಮರುಗುತ್ತಾರೆ. ಮರುಗಲಿ, ಬೇಡ ಅನ್ನುವುದಿಲ್ಲ. ಆದರೆ ಆ ಫೋಟೋದ ಅಂಚಿನಲ್ಲಿ ಎಣ್ಣೆ ಮೆತ್ತಿದ ಒಂದು ಕೈ ಇರುತ್ತದೆ. ಆ ಕೈಗೆ ಹೆಸರಿಲ್ಲ. ಅದನ್ನು ಯಾವ ಡಾಕ್ಟರು ಹತ್ತು ವರ್ಷದ ಮೇಲೆ ಹುಡುಕಿಕೊಂಡು ಹೋಗಿ ಪರೀಕ್ಷೆ ಮಾಡುತ್ತಾನೆ? ಮಲ ಹೊರುವ ಪದ್ಧತಿಯ ವಿರುದ್ಧ 2013ರ ಕಾಯಿದೆ ಇದೆ. ಅದು ಮಲ, ಒಳಚರಂಡಿ, ಶೌಚಗುಂಡಿಗಳ ಮಾತು ಆಡುತ್ತದೆ. ಆ ಕಾಯಿದೆ ಇದ್ದರೂ ನಮ್ಮವರು ಚರಂಡಿಯಲ್ಲಿ ಸಾಯುವುದು ನಿಂತಿಲ್ಲ. ದಂಡೆಯ ಎಣ್ಣೆ ಬಳಿಯುವವನಿಗೆ ಅಷ್ಟು ಕಾಯಿದೆಯ ನೆರಳೂ ಇಲ್ಲ. ಹೊಲಸು ಯಾರದ್ದೇ ಇರಲಿ, ಬಳಿಯಲು ಒಂದು ಜನ ಹುಟ್ಟಿಯೇ ಇದೆ ಎಂದು ನಂಬಿದ ಸಮಾಜ ಯಂತ್ರಕ್ಕೆ ಯಾಕೆ ದುಡ್ಡು ಹಾಕೀತು?

ಹಾಗಾದರೆ ಹೊಲಸು ಮಾಡಿದ ಧಣಿ ಎಲ್ಲಿ? ಹುಡುಕಿ ನೋಡಿ. ಹಡಗಿನ ಮಾಲೀಕ ಒಂದು ದೇಶದವನು, ಬಾವುಟ ಪನಾಮಾದ್ದು ಅಥವಾ ಲೈಬೀರಿಯಾದ್ದು, ನಡೆಸುವ ಕಂಪನಿ ಇನ್ನೊಂದು ದೇಶದ್ದು, ವಿಮೆ ಮತ್ತೊಂದು ದೇಶದ್ದು, ನಾವಿಕರು ಬಡದೇಶಗಳ ಮಕ್ಕಳು. ನಮ್ಮ ಕಡೆ ಇದಕ್ಕೆ ಒಂದು ಹಳೆಯ ಹೆಸರಿದೆ: ಬೇನಾಮಿ. 1974ರಲ್ಲಿ ಉಳುವವನೇ ಒಡೆಯ ಎಂಬ ಕಾನೂನು ಬಂದಾಗ ಧಣಿಗಳು ಆಳಿನ ಹೆಸರಿನಲ್ಲಿ, ದೇವರ ಹೆಸರಿನಲ್ಲಿ, ಹುಟ್ಟದ ಮೊಮ್ಮಗನ ಹೆಸರಿನಲ್ಲಿ ಹೊಲ ಬಚ್ಚಿಟ್ಟರಲ್ಲ, ಹಾಗೆಯೇ ಇದು. ತೆರಿಗೆ ಕಡಿಮೆ, ಕಾರ್ಮಿಕ ಕಾನೂನು ಸಡಿಲ, ಹೊಣೆ ಯಾರ ತಲೆಗೂ ಇಲ್ಲ. ಮೇಲಾಗಿ ಹಡಗಿನ ತೂಕ ನೋಡಿ ಪರಿಹಾರಕ್ಕೆ ಮಿತಿ ಹಾಕುವ ಅಂತರರಾಷ್ಟ್ರೀಯ ಒಪ್ಪಂದಗಳಿವೆ. ನಷ್ಟ ಎಷ್ಟೇ ಆಗಲಿ, ಕೊಡುವುದು ಇಷ್ಟೇ ಎಂದು ಮೊದಲೇ ಬರೆದುಕೊಂಡವರು ಯಾರು? ಮೀನು ಮಾರುವ ಹೆಂಗಸು ಆ ಸಭೆಯಲ್ಲಿ ಕೂತಿದ್ದಳೇ?

ನ್ಯಾಯಾಲಯದ ದಾರಿಯೂ ಉದ್ದ. ಎಕ್ಸಾನ್ ಕಂಪನಿಗೆ 1994ರಲ್ಲಿ ಅಮೆರಿಕದ ಜ್ಯೂರಿ 500 ಕೋಟಿ ಡಾಲರ್ ದಂಡ ಹಾಕಿತು. ಕಂಪನಿ ಮೇಲ್ಮನವಿಯ ಮೇಲೆ ಮೇಲ್ಮನವಿ ಹಾಕುತ್ತ ಹೋಯಿತು. 2008ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದನ್ನು ಸುಮಾರು 50 ಕೋಟಿ ಡಾಲರಿಗೆ ಇಳಿಸಿತು. ಅಷ್ಟರಲ್ಲಿ ಎಷ್ಟೋ ಮೀನುಗಾರರು ಸತ್ತೇ ಹೋಗಿದ್ದರು. ನಮ್ಮಲ್ಲಿ 2011ರ ಆಗಸ್ಟ್ 4ರಂದು ಮುಂಬಯಿಯ ಎದುರು ರಾಕ್ ಕ್ಯಾರಿಯರ್ ಎಂಬ ಹಡಗು 60,000 ಟನ್ ಕಲ್ಲಿದ್ದಲು ಸಮೇತ ಮುಳುಗಿ ಎಣ್ಣೆ ಕಾರಿತು. ಹಸಿರು ನ್ಯಾಯಮಂಡಳಿ 100 ಕೋಟಿ ರೂಪಾಯಿ ಕೊಡಿರೆಂದದ್ದು ಐದು ವರ್ಷದ ಮೇಲೆ, 2016ರಲ್ಲಿ. ಕೆಡಿಸಿದವನೇ ತೆರಬೇಕು ಎಂಬ ನ್ಯಾಯವನ್ನು ನಮ್ಮ ಸುಪ್ರೀಂ ಕೋರ್ಟು 1996ರಲ್ಲೇ ಎತ್ತಿಹಿಡಿದಿದೆ. ಕಾಗದದ ಮೇಲೆ ನ್ಯಾಯಕ್ಕೆ ಕೊರತೆ ಇಲ್ಲ. ನಮ್ಮ ಹಕ್ಕಿಗೆ ಸಂವಿಧಾನದಲ್ಲಿ ಕೊರತೆ ಇಲ್ಲದ ಹಾಗೆ.

ಈಗ ನಮ್ಮ ಹೊಳೆಗೆ ವಾಪಸು ಬರೋಣ. ನಮ್ಮ ನಾಲ್ಕು ತಾಲೂಕುಗಳಲ್ಲಿ ಕಡಲಿಲ್ಲ, ಎಣ್ಣೆ ಹಡಗಿಲ್ಲ. ಕಾಕಂಬಿ ಇದೆ. ಕಾಕಂಬಿ ಸಕ್ಕರೆಯ ಎಣ್ಣೆ ಎಂದು ತಿಳಿಯಿರಿ. 2013ರಲ್ಲಿ ಹವಾಯಿಯ ಹೊನೊಲುಲು ಬಂದರಿನಲ್ಲಿ ಕೊಳವೆ ಒಡೆದು ಸುಮಾರು 1,400 ಟನ್ ಕಾಕಂಬಿ ಕಡಲಿಗೆ ಸೇರಿತು. ಎಣ್ಣೆ ತೇಲುತ್ತದೆ, ಕಾಕಂಬಿ ಮುಳುಗುತ್ತದೆ. ತಳಕ್ಕೆ ಇಳಿದು ನೀರಿನ ಆಮ್ಲಜನಕವನ್ನು ತಿಂದು ಹಾಕುತ್ತದೆ. 26,000ಕ್ಕೂ ಹೆಚ್ಚು ಮೀನು ಉಸಿರು ಕಟ್ಟಿ ಸತ್ತವು. 2018ರ ಮೇ ತಿಂಗಳಲ್ಲಿ ಪಂಜಾಬಿನ ಒಂದು ಸಕ್ಕರೆ ಕಾರ್ಖಾನೆಯ ಕಾಕಂಬಿ ಬಿಯಾಸ್ ನದಿಗೆ ಹರಿದು ಮೈಲುಗಟ್ಟಲೆ ಮೀನು ಸತ್ತವು. ಸಿಂಧೂ ಡಾಲ್ಫಿನ್ ಉಳಿದಿರುವ ನದಿ ಅದು. ಅಲ್ಲಿನ ಮಾಲಿನ್ಯ ನಿಯಂತ್ರಣ ಮಂಡಳಿ 5 ಕೋಟಿ ರೂಪಾಯಿ ದಂಡ ಹಾಕಿತು. ಕಾಕಂಬಿಯಿಂದ ಮದ್ಯಸಾರ ತೆಗೆದರೆ ಒಂದು ಲೀಟರಿಗೆ ಸುಮಾರು 8ರಿಂದ 15 ಲೀಟರ್ ಕಂದು ಬಣ್ಣದ ಕೊಳೆನೀರು ಉಳಿಯುತ್ತದೆ. ಅದನ್ನು ಒಂದು ಹನಿಯೂ ಹೊರಗೆ ಬಿಡಬಾರದು ಎಂಬುದು ನಿಯಮ. ನಮ್ಮೂರ ಮಡುವಿನಲ್ಲಿ ಮೀನು ಸತ್ತದ್ದು ಯಾವ ನಿಯಮದ ಪ್ರಕಾರ?

ಈ ಹೊಳೆ ಇಲ್ಲಿಗೇ ಮುಗಿಯುವುದಿಲ್ಲ. ಮುಧೋಳದ ಘಟಪ್ರಭೆ ಬೀಳಗಿ ತಾಲೂಕಿನ ಚಿಕ್ಕಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ. ಆಲಮಟ್ಟಿಯ ಹಿನ್ನೀರಿಗೆ ಚಳಿಗಾಲದಲ್ಲಿ ರಾಜಹಂಸಗಳು ಬರುತ್ತವೆ. ಅಲ್ಲಿಂದ ಕೃಷ್ಣೆ ಆಂಧ್ರ ದಾಟಿ ಹಂಸಲದೀವಿಯಲ್ಲಿ ಬಂಗಾಳ ಕೊಲ್ಲಿಗೆ ಬೀಳುತ್ತದೆ. ಅಲ್ಲಿಯೂ ಕಾಂಡ್ಲಾ ಕಾಡಿದೆ, ಆಮೆ ಇದೆ, ಮೀನುಗಾರರ ಕೇರಿ ಇದೆ. ಬನಹಟ್ಟಿಯ ಬಣ್ಣದ ನೀರು, ನಮ್ಮ ಹೊಲಕ್ಕೆ ಹೊಡೆದ ವಿಷ, ಕಾರ್ಖಾನೆಯ ಕೊಳೆ ಎಲ್ಲವೂ ಹೋಗುವುದು ಅದೇ ದಾರಿಯಲ್ಲಿ. ಕಡಲಿಗೂ ನಮಗೂ ಸಂಬಂಧ ಇಲ್ಲ ಎನ್ನುವ ಗೆಳೆಯ ತನ್ನ ಬಣ್ಣದ ಬಾನಿಯ ನೀರು ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆ ಹಿಂದೆ ಹಿಂದೆ ನಡೆದು ನೋಡಲಿ. ಇದನ್ನು ದೂರಿಗಾಗಿ ಹೇಳುತ್ತಿಲ್ಲ. ಮಗ್ಗದ ಮಾಲೀಕನಲ್ಲದ ನೇಕಾರನಿಗೆ ಆ ನೀರು ಶುದ್ಧ ಮಾಡುವ ಶಕ್ತಿ ಇಲ್ಲ. ಆದರೆ ನಮ್ಮ ಕೈಯಿಂದಲೂ ಹೊಲಸು ಹೋಗುತ್ತಿದೆ ಎಂಬುದನ್ನು ಒಪ್ಪಿಕೊಳ್ಳದೆ ಇನ್ನೊಬ್ಬನ ಕೈ ತೋರಿಸುವ ಹಕ್ಕು ನಮಗೆ ಬರುವುದಿಲ್ಲ. ನಮ್ಮ ಟ್ರ್ಯಾಕ್ಟರು, ನಮ್ಮ ಬಸ್ಸು ಕುಡಿಯುವ ಎಣ್ಣೆಯೂ ಕಡಲ ಮೇಲಿಂದಲೇ ಬರುತ್ತದೆ. ಈ ದೇಶಕ್ಕೆ ಬೇಕಾದ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಪಾಲು ಹೊರಗಿನದು.

ಇಬ್ಬರ ಜೊತೆ ನನ್ನ ಜಗಳವಿದೆ. ಮೊದಲನೆಯವರು ಪೇಟೆಯ ಪರಿಸರವಾದಿಗಳು. ಅವರಿಗೆ ಆಮೆ ಕಾಣುತ್ತದೆ, ಆಮೆಯ ದಂಡೆಯಲ್ಲಿ ಬದುಕುವ ಖಾರ್ವಿಯವರು, ಹರಿಕಂತರು, ಅಂಬಿಗರು ಕಾಣುವುದಿಲ್ಲ. ದಂಡೆಯನ್ನು ಉಳಿಸುವುದೆಂದರೆ ಬಡವರನ್ನು ಅಲ್ಲಿಂದ ಎಬ್ಬಿಸುವುದು ಎಂದು ಅವರು ತಿಳಿದಿದ್ದಾರೆ. ಎರಡನೆಯವರು ನಮ್ಮವರೇ. ಮೀನು ಸತ್ತರೆ ಸಾಯಲಿ, ಮನುಷ್ಯನ ಮಾತು ಆಡಿ ಎನ್ನುವವರು. ಅವರಿಗೆ ನಾನು ಹೇಳುವುದು ಇಷ್ಟೇ: ಮೀನು ಸತ್ತ ಊರಿನಲ್ಲಿ ಮೊದಲು ಉಪವಾಸ ಬೀಳುವವನು ಹೊಲ ಇಲ್ಲದವನು. ಉಳ್ಳವನಿಗೆ ಬೋರು ಇದೆ, ಟ್ಯಾಂಕರ್ ಇದೆ, ಬಾಟಲಿ ನೀರಿದೆ. ಹೊಳೆ, ಕಡಲು, ಗೋಮಾಳ, ಇವು ಮಾತ್ರ ಉತಾರ ಇಲ್ಲದವರ ಆಸ್ತಿ. ಅದನ್ನು ಕೆಡಿಸುವುದೆಂದರೆ ನಮ್ಮ ಆಸ್ತಿಯನ್ನು ಕಸಿಯುವುದು. ಮಹಾಡದಲ್ಲಿ ನೀರನ್ನು ಮುಟ್ಟುವ ಹಕ್ಕಿಗೆ ಹೋರಾಡಿದೆವು. ಮುಟ್ಟುವ ಹಕ್ಕು ಸಿಗುವ ಹೊತ್ತಿಗೆ ನೀರೇ ಮುಟ್ಟಬಾರದ ಹಾಗೆ ಆಗಿದ್ದರೆ, ಆ ಹೋರಾಟ ಅಲ್ಲಿಗೆ ಮುಗಿಯಿತೆಂದು ಕೂರುವುದೇ?

ಜನ ಏನು ಮಾಡಬಲ್ಲರು ಎಂಬುದಕ್ಕೆ ಎರಡು ಉದಾಹರಣೆ. 2020ರ ಜುಲೈ 25ರಂದು ಮಾರಿಷಸ್ ದ್ವೀಪದ ಹವಳದ ದಿಬ್ಬಕ್ಕೆ ವಕಾಶಿಯೊ ಎಂಬ ಹಡಗು ಬಡಿಯಿತು. ಮಾಲೀಕರು ಜಪಾನಿನವರು, ಬಾವುಟ ಪನಾಮಾದ್ದು. ಸುಮಾರು 1,000 ಟನ್ ಎಣ್ಣೆ ಸೋರಿತು. ಮಾರಿಷಸ್ ಎಂದರೆ ನಮ್ಮ ದೇಶದಿಂದ ಕಬ್ಬಿನ ಕೂಲಿಗೆ ಹಡಗಿನಲ್ಲಿ ಸಾಗಿಸಿದವರ ಮೊಮ್ಮಕ್ಕಳ ನಾಡು. ಆ ಜನ ಸರ್ಕಾರದ ದಾರಿ ಕಾಯಲಿಲ್ಲ. ಕಬ್ಬಿನ ರವದಿ ತಂದರು, ಬಟ್ಟೆಯ ಚೀಲ ಹೊಲಿದು ಅದರಲ್ಲಿ ತುಂಬಿದರು, ತಲೆಗೂದಲನ್ನೂ ಸೇರಿಸಿದರು, ಕಡಲ ಮೇಲೆ ತೇಲುವ ಬದುವು ಹಾಕಿದರು. ಎಣ್ಣೆ ಅದಕ್ಕೆ ಹೀರಿಕೊಂಡಿತು. ರವದಿ ಮತ್ತು ಬಟ್ಟೆ! ಜಮಖಂಡಿ ಮುಧೋಳದವರ ರವದಿ, ರಬಕವಿ-ಬನಹಟ್ಟಿಯವರ ಬಟ್ಟೆ ಎಂದುಕೊಳ್ಳಿ. ನಾವು ರವದಿಗೆ ಬೆಂಕಿ ಹಚ್ಚುತ್ತೇವೆ. ಆದರೆ ಅಲ್ಲಿಯೂ ಕೊನೆಗೆ ಜೈಲಿಗೆ ಹೋದವರು ಕ್ಯಾಪ್ಟನ್ ಮತ್ತು ಅವನ ಕೆಳಗಿನ ಅಧಿಕಾರಿ, 20 ತಿಂಗಳಿಗೆ. ಮಾಲೀಕರು ಜೈಲು ನೋಡಲಿಲ್ಲ.

ಎರಡನೆಯದು ನಮ್ಮದೇ. 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ರೈತರು ಸರ್ಕಾರವನ್ನು ಕಾಯದೆ ಸ್ವಂತ ಹಣ, ಸ್ವಂತ ಬೆವರಿನಿಂದ ಬ್ಯಾರೇಜು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರ ಎಂದು ಹೆಸರಿಟ್ಟರು. ಹಾಗಾಗಿ ಜಮಖಂಡಿಯವರಿಗೆ ಸಾಗರ ಇಲ್ಲ ಎಂದು ಯಾರೂ ಅನ್ನಬೇಡಿ. ನೀರು ಕಟ್ಟುವುದಕ್ಕೆ ಒಂದಾದ ಜನ ಆ ನೀರು ಕೆಡದಂತೆ ಕಾಯುವುದಕ್ಕೂ ಒಂದಾಗಬಹುದು. ಅದರ ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಲೇಬೇಕು: ಆ ಸಾಗರದ ನೀರು ಎಷ್ಟು ಎಕರೆ ಕಬ್ಬಿಗೆ ಹೋಯಿತು, ಎಷ್ಟು ಕೇರಿಗೆ ಬಂತು?

ಆದ್ದರಿಂದ ನಮ್ಮ ಬೇಡಿಕೆಗಳು ಇವು. ಒಂದು, ಕಡಲಿರಲಿ ಹೊಳೆಯಿರಲಿ, ಹೊಲಸು ಮಾಡಿದವನೇ ಯಂತ್ರ ತಂದು ತನ್ನ ಖರ್ಚಿನಲ್ಲಿ ತೆಗೆಯಬೇಕು. ಬರಿಗೈಯಲ್ಲಿ ಎಣ್ಣೆ, ರಾಡಿ, ಸತ್ತ ಜೀವ ಎತ್ತಿಸುವುದನ್ನು ಮಲ ಹೊರಿಸಿದಷ್ಟೇ ಅಪರಾಧವೆಂದು ಕಾಯಿದೆ ಮಾಡಬೇಕು. ಎರಡು, ಬಳಿಯುವ ಕೆಲಸಕ್ಕೆ ಹೋದವರ ಹೆಸರು ದಾಖಲಾಗಬೇಕು. ಕೈಗವಸು, ಮುಖಗವಸು, ಬೂಟು, ತಕ್ಕ ಕೂಲಿ, ವರ್ಷ ವರ್ಷವೂ ಆರೋಗ್ಯ ತಪಾಸಣೆ ಸಿಗಬೇಕು. ಮೂರು, ಪರಿಹಾರದ ಪಟ್ಟಿಯಲ್ಲಿ ದೋಣಿ ಇಲ್ಲದವರು, ಉತಾರ ಇಲ್ಲದವರು, ಮೀನು ಮಾರುವ, ಬೆಳಚು ಆರಿಸುವ ಹೆಂಗಸರು ಮೊದಲು ಬರಬೇಕು. ನಾಲ್ಕು, ನೀರು ಪರೀಕ್ಷೆಯ ವರದಿಯನ್ನು ಕನ್ನಡದಲ್ಲಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಬೇಕು.

ಬೇಡಿಕೆ ಬರೆದು ಕೂತರೆ ಆಗುವುದಿಲ್ಲ. ಹಳ್ಳಿಯ ಮಾಸ್ತರರಿಗೆ ಒಂದು ಮಾತು: ನಿಮ್ಮ ಶಾಲೆಯ ಮಕ್ಕಳ ಕೈಗೆ ಒಂದು ನೋಟ್‌ಬುಕ್ ಕೊಡಿ. ವಾರಕ್ಕೊಮ್ಮೆ ಹೊಳೆಗೆ ಹೋಗಿ ನೀರಿನ ಬಣ್ಣ, ವಾಸನೆ, ಸತ್ತ ಮೀನು, ಬಂದ ಹಕ್ಕಿ ಇವನ್ನು ತಾರೀಖು ಸಮೇತ ಬರೆಯಲಿ. ನೀರು ಕೆಟ್ಟ ದಿನ ಯಾರು ಬಂದರು, ಯಾವ ಬಾಟಲಿಯಲ್ಲಿ ತುಂಬಿಕೊಂಡು ಹೋದರು ಎಂಬುದನ್ನೂ ಬರೆಯಲಿ. ವಿದ್ಯಾರ್ಥಿ ಗೆಳೆಯರು ಮಾಹಿತಿ ಹಕ್ಕಿನ ಅರ್ಜಿ ಹಾಕಿ ಆ ಬಾಟಲಿಯ ವರದಿ ಕೇಳಲಿ. ಅಕ್ಷರವನ್ನು ನಮ್ಮಿಂದ ಬಹಳ ಕಾಲ ದೂರ ಇಟ್ಟದ್ದು ಇದೇ ಕಾರಣಕ್ಕೆ. ಬರೆದಿಟ್ಟವನ ಹತ್ತಿರ ‘ಏನೂ ಸೋರಿಲ್ಲ’ ಎಂಬ ಸುಳ್ಳು ನಡೆಯುವುದಿಲ್ಲ.

ಮತ್ತೊಮ್ಮೆ ಮೀನು ಸತ್ತರೆ, ಮತ್ತೊಮ್ಮೆ ಬುಟ್ಟಿ ತರಲು ಹೇಳುವ ಮನುಷ್ಯ ಓಣಿಗೆ ಬಂದರೆ, ನಮ್ಮ ಅಜ್ಜಿ ಕೊಟ್ಟ ಉತ್ತರವನ್ನೇ ಕೊಡೋಣ. ಆದರೆ ಪಕ್ಕದ ಊರಿನ ಕೇರಿಯವರೂ ಅದೇ ಉತ್ತರ ಕೊಡುವಂತೆ ಆಗಬೇಕು. ಆ ದಿನದ ಕೂಲಿ ಬೇಕಾದ ಮೂವರಿಗೆ ಅದನ್ನು ಬೇರೆ ಕಡೆಯಿಂದ ಒದಗಿಸುವ ಹೊಣೆ ಸಂಘಟನೆಯದು. ಅಷ್ಟು ಮಾಡದೆ ಅವರನ್ನು ಬೈಯುವ ಅಧಿಕಾರ ನಮಗಿಲ್ಲ. ಕಾರವಾರದಲ್ಲಿ, ಎಣ್ಣೂರಿನಲ್ಲಿ, ಕೇರಳದ ದಂಡೆಯಲ್ಲಿ ಬಕೆಟ್ ಹಿಡಿದು ನಿಂತವರು ನಮ್ಮ ಜನ. ಬನಹಟ್ಟಿಯ ಗೆಳೆಯಾ, ಕಡಲಿಗೂ ನಮಗೂ ಇರುವ ಸಂಬಂಧ ಇದೇ. ಮುಂದಿನ ಸಭೆ ಹೊಳೆಯ ದಂಡೆಯಲ್ಲೇ ಇಟ್ಟುಕೊಳ್ಳೋಣ. ನಿನ್ನ ಓಣಿಯವರನ್ನೂ ಕರಕೊಂಡು ಬಾ.